ಗೆಳತಿಗೆ ಉದ್ದದ ಪತ್ರ ಬರೆಯಬೇಕು. ‘ಹೇಗಿದ್ದೀಯ’ ಆದ ಮೇಲೆ ಏನು ಬರೆಯೋದು?

ಪದ್ಮನಾಭನಗರದವಳು

ಎಲ್ಲರಿಗೂ ನಮಸ್ಕಾರ. ನನ್ನ ಹಾಸ್ಟೆಲ್ ಗೆಳತಿ ಮದುವೆಯಾಗಿ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಮೂಲ ಸಾಗರದ ಕಡೆಯವಳು. ಒಂದೇ ರೂಮಿನಲ್ಲಿದ್ದವರು ನಾವು, ಒಂದೇ ತಟ್ಟೆಯಲ್ಲಿ ಉಂಡವರು. ಈಗ ವಾಟ್ಸಾಪ್‌ನಲ್ಲಿ ಹಬ್ಬಕ್ಕೊಂದು ಶುಭಾಶಯ, ಅವಳ ಸ್ಟೇಟಸ್‌ಗೆ ನನ್ನದೊಂದು ಹಾರ್ಟ್, ಅಷ್ಟೇ. ಫೋನ್ ಮಾಡೋಣ ಅಂದರೆ ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಾನು ಅಡುಗೆಮನೆ ಕೆಲಸ ಮುಗಿಸಿ ಕೂತಾಗ ಅವಳಿನ್ನೂ ಆಫೀಸಿನಲ್ಲಿರುತ್ತಾಳೆ. ಅವಳಿಗೆ ಬಿಡುವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ.

ಅದಕ್ಕೇ ಅವಳಿಗೆ ಉದ್ದದ ಈಮೇಲ್ ಬರೆಯಬೇಕು ಅಂತಿದ್ದೇನೆ. ‘ಹೇಗಿದ್ದೀಯ, ನಾನು ಚೆನ್ನಾಗಿದ್ದೇನೆ’ ಆದ ಮೇಲೆ ಕೈ ನಿಂತುಬಿಡುತ್ತದೆ. ಆಫೀಸಿನಲ್ಲಿ ದಿನವಿಡೀ ಮೇಲ್ ಬರೆಯುತ್ತೇನೆ, ಅಲ್ಲಿ ಈ ತೊಂದರೆಯೇ ಇಲ್ಲ. ಗೆಳೆಯರಿಗೆ ಈಗಲೂ ಪತ್ರ, ಮೇಲ್ ಬರೆಯುವವರು ಇದ್ದರೆ ದಯವಿಟ್ಟು ಹೇಳಿ. ಹೇಗೆ ಶುರು ಮಾಡುತ್ತೀರಿ? ಏನೇನು ಬರೆಯುತ್ತೀರಿ?

ಬನಶಂಕರಿ ಮೇಷ್ಟ್ರು

ಮೇಡಂ, ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಇದರಲ್ಲಿ ನಮ್ಮ ಪತ್ರಲೇಖನದ ಪಾಠದ ಪಾಲೂ ಇದೆ ಅನ್ನಿಸುತ್ತದೆ. ಮೂಲೆಯಲ್ಲಿ ‘ಕ್ಷೇಮ’, ಪಕ್ಕದಲ್ಲಿ ಊರು, ದಿನಾಂಕ. ‘ಪ್ರೀತಿಯ ಗೆಳೆಯನಿಗೆ, ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಪತ್ರ ಬರೆ’. ಆಮೇಲೆ ಶಾಲಾ ಪ್ರವಾಸದ ವರ್ಣನೆ. ಕೊನೆಗೆ ‘ನಿನ್ನ ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು’. ಅಂಕ ಕೊಡುವುದಕ್ಕೆ ಈ ಚೌಕಟ್ಟು ಬೇಕಾಗುತ್ತದೆ. ಆದರೆ ಅದರಲ್ಲಿ ಗೆಳೆಯನ ಹೆಸರು ತೆಗೆದು ಇನ್ನೊಬ್ಬನ ಹೆಸರು ಹಾಕಿದರೂ ಪತ್ರಕ್ಕೆ ಏನೂ ಆಗುವುದಿಲ್ಲ ನೋಡಿ. ತೊಂದರೆ ಇರುವುದು ಅಲ್ಲೇ.

ನನ್ನ ಒಂದೇ ಸಲಹೆ. ಬರೆಯುವ ಮುಂಚೆ, ಈ ಒಬ್ಬ ಗೆಳತಿಗೆ ಮಾತ್ರ ಹೇಳಬಹುದಾದದ್ದು ಏನು ಅಂತ ಯೋಚಿಸಿ. ಬೇರೆ ಯಾರಿಗೆ ಹೇಳಿದರೂ ಅರ್ಥವಾಗದ, ಅವಳಿಗೆ ಮಾತ್ರ ಥಟ್ಟನೆ ಗೊತ್ತಾಗುವ ವಿಷಯ. ಅದು ಎಷ್ಟೇ ಸಣ್ಣದಿರಲಿ, ಅಲ್ಲಿಂದಲೇ ಶುರು ಮಾಡಿ. ಕ್ಷೇಮ ಸಮಾಚಾರ ತಾನಾಗಿ ಮಧ್ಯದಲ್ಲಿ ಬರುತ್ತದೆ.

ದಿನಾಂಕ ಮತ್ತು ಊರು ಮಾತ್ರ ಬಿಡಬೇಡಿ. ಹಳೆಯ ಪತ್ರ ಕೈಗೆ ಸಿಕ್ಕಾಗ ಮೊದಲು ಹುಡುಕುವುದು ಅದನ್ನೇ.

ವೈಟ್‌ಫೀಲ್ಡ್ ಪ್ರಯಾಣಿಕ

ನಾನು ಪ್ರತಿ ತಿಂಗಳು ಇಬ್ಬರು ಗೆಳೆಯರಿಗೆ ಮೇಲ್ ಬರೆಯುತ್ತೇನೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಸೀಟು ಸಿಕ್ಕರೆ ಅಲ್ಲೇ ಬರೆಯುವುದು. ಕೂತು ಒಂದೇ ಸಲ ಬರೆಯಬೇಕು ಅಂತ ಹೊರಟರೆ ಆಗುವುದಿಲ್ಲ. ಫೋನಿನ ನೋಟ್ಸ್‌ನಲ್ಲಿ ಅವರಿಬ್ಬರ ಹೆಸರಲ್ಲಿ ಒಂದೊಂದು ಪುಟ ಇದೆ. ‘ಇದನ್ನ ಅವನಿಗೆ ಹೇಳಬೇಕು’ ಅನ್ನಿಸಿದ್ದನ್ನು ಒಂದು ಸಾಲು ಅಲ್ಲಿ ಹಾಕಿಡುತ್ತೇನೆ. ನಾಲ್ಕೈದು ಸಾಲಾದಾಗ ಪತ್ರಕ್ಕೆ ಬೇಕಾದ್ದು ಸಿಕ್ಕಿರುತ್ತದೆ.

ಈಮೇಲ್ ವಿಷಯಕ್ಕೆ ಇನ್ನೂ ಕೆಲವು. ‘ಟು’ ಜಾಗದಲ್ಲಿ ವಿಳಾಸವನ್ನು ಕೊನೆಗೆ ಹಾಕಿ. ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ. ಸಬ್ಜೆಕ್ಟ್‌ನಲ್ಲಿ ‘ಹಾಯ್’ ಅಂತ ಬರೆಯುವ ಬದಲು ಒಳಗಿನ ಒಂದು ವಿಷಯ ಬರೆಯಿರಿ. ನನ್ನ ಗೆಳೆಯ ಒಮ್ಮೆ ‘ಅಪ್ಪ ಕೊನೆಗೂ ಸ್ಕೂಟರ್ ಮಾರಿದರು’ ಅಂತ ಹಾಕಿದ್ದ, ಮೀಟಿಂಗ್ ಮಧ್ಯದಲ್ಲೇ ತೆರೆದು ಓದಿದೆ. ಫೋಟೋ ಒಂದೇ ಸಾಕು, ಅದರ ಬಗ್ಗೆ ಪತ್ರದಲ್ಲಿ ಮಾತಿರಲಿ. ಹತ್ತಿಪ್ಪತ್ತು ಫೋಟೋ ತುಂಬಿದರೆ ಅವರು ಅದನ್ನೇ ನೋಡಿ ಮುಗಿಸುತ್ತಾರೆ. ಇನ್ನು ಉತ್ತರ ಬರೆಯುವಾಗ ಅವರ ಮೇಲ್ ಪಕ್ಕದಲ್ಲಿ ತೆರೆದಿರಲಿ. ಅವರು ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಡದೆ ನಮ್ಮದೇ ಹೇಳಿಕೊಂಡರೆ ಬೇಜಾರಾಗುತ್ತದೆ ಅಲ್ವಾ?

ಧಾರವಾಡದಿಂದ ಬಂದವ

ಮೇಲ್ ಬೇಡ ಅನ್ನುವುದಿಲ್ಲರೀ. ಆದರೆ ನನಗೆ ಕಾಗದವೇ ಕಾಗದ. ಪರದೆಯ ಮೇಲೆ ಎಲ್ಲರ ಅಕ್ಷರವೂ ಒಂದೇ ಥರ. ಕೈಬರಹದಲ್ಲಿ ಮನುಷ್ಯ ಕಾಣುತ್ತಾನೆ. ನನ್ನ ಗೆಳೆಯನಿಗೆ ಸಿಟ್ಟು ಬಂದಾಗ ಒತ್ತಕ್ಷರಗಳು ಕೆಳಗಿನ ಸಾಲಿಗೇ ತಾಗುತ್ತವೆ. ಓದುವ ಮುಂಚೆಯೇ ಗೊತ್ತಾಗುತ್ತದೆ. ಮಡಚಿ ಅಂಟಿಸಿ ಕಳಿಸುವ ಇನ್‌ಲ್ಯಾಂಡ್ ಕಾಗದದ ಜಾಗ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳಿರುತ್ತವಲ್ಲ, ನಿಜವಾದ ಸುದ್ದಿ ಎಷ್ಟೋ ಸಲ ಅಲ್ಲೇ ಇರುತ್ತದೆ. ಅವೆಲ್ಲ ಟ್ರಂಕಿನಲ್ಲಿ ಹಾಗೇ ಇವೆ. ಮೇಲ್ ಎಲ್ಲಿ ಉಳಿಯುತ್ತದೆ?

ವೈಟ್‌ಫೀಲ್ಡ್ ಪ್ರಯಾಣಿಕ

ಉಳಿಯುತ್ತದೆ ಸರ್. ಜಿಮೇಲ್ 2004ರ ಏಪ್ರಿಲ್ 1ರಂದು ಶುರುವಾದಾಗ ಒಬ್ಬೊಬ್ಬರಿಗೂ 1 ಜಿಬಿ ಜಾಗ ಕೊಟ್ಟರು. ಆಗಿನ ಲೆಕ್ಕಕ್ಕೆ ಅದು ಬಹಳ ದೊಡ್ಡದು. ಅಲ್ಲಿಂದ ಈಚೆಗೆ ನಾನು ಗೆಳೆಯರ ಮೇಲ್ ಅಳಿಸಿದ್ದೇ ಇಲ್ಲ. ಮೊದಲ ಕೆಲಸ ಬಿಟ್ಟಾಗ ಗೆಳೆಯ ಬರೆದ ಮೇಲ್ ಬೇಕು ಅಂದರೆ ಎರಡು ಪದ ಹಾಕಿ ಹುಡುಕಿದರೆ ಸಿಗುತ್ತದೆ. ಟ್ರಂಕಿನಲ್ಲಿ ಹಾಗೆ ಹುಡುಕಲು ಆಗುತ್ತದಾ?

ಧಾರವಾಡದಿಂದ ಬಂದವ

ಹುಡುಕುವ ವಿಷಯ ಒಪ್ಪಿದೆ. ಆದರೆ ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಆ ನಿಯಮ ಜಾರಿಯಲ್ಲಿದೆ. ಪಾಸ್‌ವರ್ಡ್ ಗೊತ್ತಿರುವವನು ಹೋದ ಮೇಲೆ ಮನೆಯವರಿಗೆ ಆ ಮೇಲ್ ಸಿಗುವುದು ಕಷ್ಟ. ನಮ್ಮ ಕಾಕಾನ ಪತ್ರಗಳು ನನಗೆ ಸಿಕ್ಕಿದ್ದು ಟ್ರಂಕಿಗೆ ಬೀಗ ಇಲ್ಲದ್ದಕ್ಕೆ. ಮೇಲ್ ಬರೆಯುವವರು ಬೇಕಾದವುಗಳನ್ನು ಪ್ರಿಂಟ್ ತೆಗೆದಿಡಿ ಅಂತ ಕೇಳಿಕೊಳ್ಳುತ್ತೇನೆ.

ವೈಟ್‌ಫೀಲ್ಡ್ ಪ್ರಯಾಣಿಕ

ಈ ಮಾತು ಸರಿ. ಈ ವಾರವೇ ತೆಗೆಸುತ್ತೇನೆ.

ನಿವೃತ್ತ ಅಂಚೆ ನೌಕರ

ಕಾಗದದ ಮಾತು ಬಂದದ್ದಕ್ಕೆ ಖುಷಿಯಾಯಿತು. ಅಂಚೆ ಕಾರ್ಡು ನಮ್ಮ ದೇಶಕ್ಕೆ ಬಂದದ್ದು 1879ರಲ್ಲಿ. ನೀಲಿ ಇನ್‌ಲ್ಯಾಂಡ್ ಬಂದದ್ದು 1950ರಲ್ಲಿ. ನಾನು ಕೌಂಟರಿನಲ್ಲಿದ್ದ ಕೊನೆಯ ವರ್ಷಗಳಲ್ಲಿ ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ 2 ರೂಪಾಯಿ 50 ಪೈಸೆ, ಕವರಿಗೆ 5 ರೂಪಾಯಿ ಇತ್ತು. ಕೊಳ್ಳುವವರಲ್ಲಿ ಹೆಚ್ಚಿನವರು ವಯಸ್ಸಾದವರೇ. ಹುಡುಗರು ಬಂದರೆ ಸ್ಪರ್ಧೆಗೆ ಕಳಿಸಲು ಬರುತ್ತಿದ್ದರು.

ಹೊಸದಾಗಿ ಬರೆಯುವವರಿಗೆ ಗೊತ್ತಿರಲಿ ಅಂತ ಕೆಲವು ವಿಷಯ. ಇನ್‌ಲ್ಯಾಂಡಿನ ಒಳಗೆ ಏನನ್ನೂ ಇಡುವಂತಿಲ್ಲ. ಫೋಟೋ, ಒಣ ಹೂವು, ದೇವಸ್ಥಾನದ ಕುಂಕುಮ ಏನಿದ್ದರೂ ಕವರಿಗೇ ಹಾಕಬೇಕು. ಕವರಿನ ಕನಿಷ್ಠ ದರ 20 ಗ್ರಾಂವರೆಗೆ. ಸಾಮಾನ್ಯ ಎ4 ಹಾಳೆ ಒಂದು ಸುಮಾರು 5 ಗ್ರಾಂ ತೂಗುತ್ತದೆ. ಹಾಗಾಗಿ ಎರಡು ಹಾಳೆ ತುಂಬ ಬರೆದರೂ ಚಿಂತೆ ಇಲ್ಲ. ಅದಕ್ಕಿಂತ ದಪ್ಪ ಆದರೆ ಕೌಂಟರಿನಲ್ಲಿ ತೂಕ ಮಾಡಿಸಿ. ಸ್ಟಾಂಪು ಕಡಿಮೆ ಬಿದ್ದರೆ ಆ ಹಣವನ್ನು ದುಪ್ಪಟ್ಟಾಗಿ ಕೊಡಬೇಕಾದವರು ನಿಮ್ಮ ಗೆಳೆಯರು.

ಪಿನ್ ಕೋಡ್ 1972ರ ಆಗಸ್ಟ್ 15ರಿಂದ ಬಂತು. ಆರು ಅಂಕಿಯಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಬೆಂಗಳೂರಿಗೆ 560. ಮಲ್ಲೇಶ್ವರಕ್ಕೆ 560003, ಬಸವನಗುಡಿಗೆ 560004. ಬೆಂಗಳೂರಲ್ಲಿ ಒಂದೇ ಹೆಸರಿನ ಕ್ರಾಸು, ಮೇನು ಎಷ್ಟಿವೆ ಅಂತ ನಿಮಗೇ ಗೊತ್ತು. ‘5ನೇ ಮೇನ್, 3ನೇ ಕ್ರಾಸ್’ ಅಂತ ಮಾತ್ರ ಬರೆದು ಬಡಾವಣೆ, ಹಂತ, ಬ್ಲಾಕ್ ಬಿಟ್ಟ ಕಾಗದಗಳು ಸುಮ್ನೆ ಸುತ್ತುತ್ತಿದ್ದವು. ಅಪಾರ್ಟ್‌ಮೆಂಟ್ ಆದರೆ ಹೆಸರಿನ ಜೊತೆ ಫ್ಲಾಟ್ ನಂಬರ್ ಹಾಕಿ. ಕರ್ನಾಟಕದೊಳಗೆ ಕನ್ನಡದಲ್ಲೇ ವಿಳಾಸ ಬರೆಯಿರಿ, ಧಾರಾಳವಾಗಿ ಹೋಗುತ್ತದೆ. ಡಬ್ಬಿಗೆ ಹಾಕುವ ಮುಂಚೆ ಅದರ ಮೇಲಿರುವ ಫಲಕದಲ್ಲಿ ಯಾವ ಹೊತ್ತಿಗೆ ತೆಗೆಯುತ್ತಾರೆ ಅಂತ ನೋಡಿ.

ಚಾಮರಾಜಪೇಟೆ ಓದುಗ

ಈ ಚರ್ಚೆಗೆ ಹತ್ತಿರದ ಒಂದು ಪ್ರಶ್ನೆ. ನನ್ನ ಆಪ್ತ ಗೆಳೆಯನ ತಾಯಿ ಹೋದರು. ಅವನು ಹುಬ್ಬಳ್ಳಿಯಲ್ಲಿದ್ದಾನೆ. ಹನ್ನೆರಡನೇ ದಿನಕ್ಕೆ ಹೋಗಿ ಬಂದೆ. ಆ ಗದ್ದಲದಲ್ಲಿ ಮಾತು ಆಗಲಿಲ್ಲ. ಈಗ ಪತ್ರ ಬರೆಯಬೇಕು ಅನ್ನಿಸಿದೆ. ‘ಧೈರ್ಯವಾಗಿರು, ಕಾಲವೇ ಮದ್ದು’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಏನು ಬರೆಯಲಿ?

ಮಲ್ಲೇಶ್ವರದ ಸಂಪಿಗೆ

ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ನನ್ನ ಅಮ್ಮ ಹೋದಾಗ ಫೋನಿಗೆ ಬಂದ ಸಂದೇಶಗಳು ತುಂಬಾ. ಎಲ್ಲರೂ ಪ್ರೀತಿಯಿಂದಲೇ ಕಳಿಸಿದ್ದರು. ಆದರೂ ಒಂದು ಕೂಡ ನೆನಪಿಲ್ಲ. ಶಾಲೆಯ ಗೆಳತಿಯೊಬ್ಬಳು ಬರೆದ ಪತ್ರ ಮಾತ್ರ ಬಾಯಿಪಾಠ ಬರುತ್ತದೆ. ಅದರಲ್ಲಿ ಸಮಾಧಾನದ ಮಾತೇ ಇರಲಿಲ್ಲ. ಅವಳು ಬರೆದದ್ದು ಇಷ್ಟು:

‘ನಿಮ್ಮಮ್ಮ ತಾರಸಿ ಮೇಲೆ ಹಪ್ಪಳ ಒಣಗಿಸಿ ಕಾಗೆ ಓಡಿಸಲು ನಮ್ಮಿಬ್ಬರನ್ನು ಕೂರಿಸುತ್ತಿದ್ದರಲ್ಲ. ಕೂಲಿ ಅಂತ ಹಸಿ ಹಿಟ್ಟಿನ ಉಂಡೆಗೆ ಎಣ್ಣೆ ಸವರಿ ಕೊಡುತ್ತಿದ್ದರು. ನನ್ನ ಉಂಡೆ ನಿನ್ನದಕ್ಕಿಂತ ದೊಡ್ಡದು ಇರುತ್ತಿತ್ತು. ನಿನಗೆ ಗೊತ್ತಾಗದ ಹಾಗೆ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಆಗ ಎರಡು ಹೊತ್ತು ಅಡುಗೆ ಆಗುತ್ತಿರಲಿಲ್ಲ ಅಂತ ಅವರಿಗೆ ಗೊತ್ತಿತ್ತು. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.’

ನನಗೇ ಗೊತ್ತಿಲ್ಲದ ಅಮ್ಮ ಆ ಪತ್ರದಲ್ಲಿ ಸಿಕ್ಕಳು. ಹೋದವರ ಮಕ್ಕಳಿಗೆ ಇದಕ್ಕಿಂತ ದೊಡ್ಡದು ಏನು ಕೊಡಲು ಸಾಧ್ಯ? ನಿಮಗೂ ಆ ತಾಯಿಯ ಬಗ್ಗೆ ಏನಾದರೂ ಒಂದು ನೆನಪಿರುತ್ತದೆ. ಅವರು ಬಡಿಸಿದ್ದು, ಬೈದದ್ದು, ನಿಮ್ಮನ್ನು ಕರೆಯುತ್ತಿದ್ದ ರೀತಿ. ಅದನ್ನು ಇದ್ದ ಹಾಗೇ ಬರೆಯಿರಿ. ಪ್ರಶ್ನೆ ಕೇಳಬೇಡಿ, ಉತ್ತರ ಬರೆಯುವ ಹೊರೆ ಅವರ ಮೇಲೆ ಬೇಡ. ‘ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ’ ಅಂತ ಕೊನೆಗೆ ಒಂದು ಸಾಲು ಸೇರಿಸಿದರೆ ಒಳ್ಳೆಯದು. ತಡವಾಯಿತು ಅಂತಲೂ ಯೋಚಿಸಬೇಡಿ. ತಿಂಗಳಾದ ಮೇಲೆ ಬರುವ ಪತ್ರಕ್ಕೆ ಬೆಲೆ ಜಾಸ್ತಿ. ಆಗ ನೆಂಟರೆಲ್ಲ ಹೋಗಿರುತ್ತಾರೆ, ಫೋನೂ ಸುಮ್ಮನಾಗಿರುತ್ತದೆ.

ಬನಶಂಕರಿ ಮೇಷ್ಟ್ರು

ಸಂಪಿಗೆಯವರ ಮಾತಿಗೆ ನನ್ನದೂ ದನಿ. ಹಿಂದೆ ಶುಭ ಸುದ್ದಿಯ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡನ್ನು ಓದಿದ ತಕ್ಷಣ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಅದು ಸುದ್ದಿ ಮುಟ್ಟಿಸುವ ಕಾರ್ಡು. ಗೆಳೆಯ ಬರೆಯುವ ಪತ್ರ ಬೇರೆ, ಅದು ಇಟ್ಟುಕೊಳ್ಳುವಂಥದ್ದು.

ಚಾಮರಾಜಪೇಟೆ ಓದುಗ

ಗೆಳೆಯನ ತಾಯಿ ನನಗೆ ‘ಬೆಂಗಳೂರು ಸಾಹೇಬ’ ಅನ್ನುತ್ತಿದ್ದರು. ರೊಟ್ಟಿಗೆ ಚಾಕು ಕೇಳಿದವನು ಅಂತ ಇಡೀ ಓಣಿಗೆ ಹೇಳಿದ್ದರು. ನಾನು ಕೇಳಿಯೇ ಇರಲಿಲ್ಲ. ಇದನ್ನೇ ಬರೆಯುತ್ತೇನೆ. ತುಂಬಾ ಥ್ಯಾಂಕ್ಸ್ ಮೇಡಂ.

ರಾತ್ರಿಪಾಳಿ ಕೋರಮಂಗಲ

ಲಿಪಿಯ ಬಗ್ಗೆ ಒಂದು ಪ್ರಶ್ನೆ. ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವನು. ಉದ್ದದ ಮೇಲ್‌ಗೂ ಅದೇ ನಡೆಯುತ್ತದಾ?

ವೈಟ್‌ಫೀಲ್ಡ್ ಪ್ರಯಾಣಿಕ

ಎರಡು ಸಾಲಿಗೆ ನಡೆಯುತ್ತದೆ. ಎರಡು ಪುಟಕ್ಕೆ ಓದುವವರ ಕಣ್ಣು ಸೋಲುತ್ತದೆ. ಫೋನಿನ ಜಿಬೋರ್ಡ್ ಕೀಬೋರ್ಡಿನಲ್ಲಿ ನೀವು ಈಗ ಟೈಪ್ ಮಾಡುವ ಹಾಗೇ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡದಲ್ಲಿ ಬರುತ್ತದೆ. ಮೈಕ್ ಒತ್ತಿ ಮಾತಾಡಿದರೂ ಬರುತ್ತದೆ. ಆಮೇಲೆ ಒಮ್ಮೆ ಓದಿ ತಿದ್ದಿಕೊಳ್ಳಿ, ಪೂರ್ಣವಿರಾಮಗಳನ್ನು ನೀವೇ ಹಾಕಬೇಕಾಗುತ್ತದೆ. ಮಾತಾಡಿ ಬರೆಯುವುದರಲ್ಲಿ ಒಂದು ಲಾಭ ಇದೆ. ವಾಕ್ಯಗಳು ನಿಮ್ಮ ಬಾಯಿಯವೇ ಆಗಿರುತ್ತವೆ. ಕಂಪ್ಯೂಟರಿನಲ್ಲಿ ‘ನುಡಿ’, ‘ಬರಹ’ ತಂತ್ರಾಂಶ ಬಳಸುವವರು ಯೂನಿಕೋಡ್ ಆಯ್ಕೆ ಇಟ್ಟುಕೊಳ್ಳಿ. ಹಳೆಯ ಫಾಂಟ್‌ನಲ್ಲಿ ಬರೆದು ಕಳಿಸಿದರೆ ಆ ಫಾಂಟ್ ಇಲ್ಲದ ಕಡೆ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ.

ಪದ್ಮನಾಭನಗರದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಬರೆದಿಟ್ಟದ್ದು ಹೀಗಿದೆ. ಏನು ಮಾಡಲಿ ಹೇಳಿ.

‘ಹೇಗಿದ್ದೀಯ? ಬಹಳ ದಿನದಿಂದ ಬರೆಯಲಾಗಲಿಲ್ಲ, ಕ್ಷಮಿಸು. ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಚಳಿ ಶುರುವಾಗಿದೆ. ಟ್ರಾಫಿಕ್ ಯಥಾಪ್ರಕಾರ. ಕೆಲಸ ನಡೀತಾ ಇದೆ. ಮಗಳು ಚೆನ್ನಾಗಿದ್ದಾಳೆ. ಮೊನ್ನೆ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು, ನಿನ್ನ ನೆನಪಾಯಿತು. ಯಾವಾಗ ಬರ್ತೀಯ?’

ಮಲ್ಲೇಶ್ವರದ ಸಂಪಿಗೆ

ಇದರಲ್ಲೇ ಪತ್ರ ಇದೆ. ‘ಪರಿಷೆಗೆ ಹೋಗಿದ್ದೆವು, ನಿನ್ನ ನೆನಪಾಯಿತು’. ಯಾಕೆ ನೆನಪಾಯಿತು? ಅಲ್ಲಿಂದ ಶುರು ಮಾಡಿ, ಉಳಿದದ್ದೆಲ್ಲ ಬಿಡಿ. ಕ್ಷಮಿಸು ಅನ್ನುವುದನ್ನು ಮೊದಲು ತೆಗೆಯಿರಿ. ಅದನ್ನು ಓದಿದ ಕೂಡಲೇ ಅವಳಿಗೆ ‘ನಾನೂ ಬರೆದಿಲ್ಲವಲ್ಲ’ ಅಂತ ಸಂಕೋಚವಾಗುತ್ತದೆ, ಪತ್ರ ಅಲ್ಲೇ ಭಾರ ಆಗುತ್ತದೆ. ‘ಯಾವಾಗ ಬರ್ತೀಯ’ ಕೂಡ ಬೇಡ. ರಜೆ, ಟಿಕೆಟ್, ಮನೆಯವರು, ಏನೆಲ್ಲ ಇರುತ್ತದೋ. ಕೂತಲ್ಲೇ ಉತ್ತರ ಹೇಳಬಹುದಾದ ಪ್ರಶ್ನೆ ಕೇಳಿ.

ಬನಶಂಕರಿ ಮೇಷ್ಟ್ರು

ಸಂಬೋಧನೆ ಎಲ್ಲಿ? ಹಾಸ್ಟೆಲಿನಲ್ಲಿ ಅವಳನ್ನು ಹೇಗೆ ಕರೆಯುತ್ತಿದ್ದಿರೋ ಹಾಗೇ ಬರೆಯಿರಿ.

ಪದ್ಮನಾಭನಗರದವಳು

ಮತ್ತೆ ಬರೆದೆ.

‘ಏನೇ ಮಾರಾಯ್ತಿ,

ಸೋಮವಾರ ಪರಿಷೆಗೆ ಹೋಗಿದ್ದೆ. ರಾಮಕೃಷ್ಣ ಆಶ್ರಮದ ಹತ್ತಿರವೇ ಆಟೋದವರು ಇಳಿಸಿಬಿಟ್ಟರು. “ಮುಂದಕ್ಕೆ ಹೋಗಲ್ಲ ಮೇಡಂ, ನಡ್ಕೊಂಡ್ ಹೋಗಿ” ಅಂದರು. ಬುಲ್ ಟೆಂಪಲ್ ರಸ್ತೆ ಪೂರ್ತಿ ಜನ. ನೀನು ಮೊದಲ ಸಲ ಬಂದಾಗ ಹಸಿಯದ್ದು, ಹುರಿದದ್ದು, ಬೇಯಿಸಿದ್ದು ಮೂರೂ ಬೇಕು ಅಂತ ಹಟ ಹಿಡಿದು, ದುಪಟ್ಟಾದಲ್ಲಿ ಗಂಟು ಕಟ್ಟಿಕೊಂಡು ಬಂದು, ಗೇಟಿನಲ್ಲಿ ವಾರ್ಡನ್ ಮುಂದೆಯೇ ಗಂಟು ಬಿಚ್ಚಿಹೋಯಿತಲ್ಲ. ಅವರೇ ಬಗ್ಗಿ ಆರಿಸಿಕೊಟ್ಟರು. ಅದಾದ ಮೇಲೆ ನಮಗೆ ಅವರ ಭಯವೇ ಹೋಯಿತು.

ಈ ಸಲ ಒಬ್ಬ ಅಜ್ಜಿಯ ಹತ್ತಿರ ಒಂದು ಸೇರು ತಗೊಂಡೆ. ಅಳೆದು ಹಾಕಿದ ಮೇಲೂ ಚೀಲ ಹಿಡಿದುಕೊಂಡೇ ನಿಂತೆ. “ಏನವ್ವಾ?” ಅಂದರು. “ಕೊಸರು” ಅಂದೆ. “ನೀ ಕೇಳ್ದಿದ್ರೂ ಹಾಕ್ತಿದ್ದೆ, ಆತುರ ಯಾಕೆ” ಅಂತ ಎರಡು ಹಿಡಿ ಹಾಕಿದರು. ಮಗಳು ಈಗ ಕಾಯಿ ಬಿಡಿಸಲು ಕಲಿತಿದ್ದಾಳೆ. ಸಿಪ್ಪೆ ತಟ್ಟೆಗೆ, ಬೀಜ ನೆಲಕ್ಕೆ.

ನಿಮ್ಮ ಊರಲ್ಲಿ ಕ್ರಿಸ್‌ಮಸ್ ಸಂತೆ ಶುರುವಾಗಿರಬೇಕು ಅಲ್ವಾ? ಅಲ್ಲಿ ಏನು ಹುರಿದು ಮಾರುತ್ತಾರೆ? ನೀನು ಯಾರ ಜೊತೆ ಹೋಗ್ತೀಯ?’

ವೈಟ್‌ಫೀಲ್ಡ್ ಪ್ರಯಾಣಿಕ

ಆ ಕೊನೆಯ ಪ್ರಶ್ನೆ ಬಹಳ ಚೆನ್ನಾಗಿದೆ. ಅಲ್ಲಿ ಅವಳಿಗೆ ಜೊತೆ ಇದೆಯೋ ಇಲ್ಲವೋ ಅಂತ ಕೇಳಿದ ಹಾಗೂ ಆಯಿತು, ನೇರವಾಗಿ ಕೇಳಲೂ ಇಲ್ಲ.

ಧಾರವಾಡದಿಂದ ಬಂದವ

ಭಾಳ ಛಲೋ ಬಂದದ. ನಿಮ್ಮ ಮನಸ್ಸಿನ ಮೇಲಿರುವುದು ಏನಾದರೂ ಇದ್ದರೆ ಅದನ್ನೂ ಎರಡು ಸಾಲು ಬರೆಯಿರಿ. ಬರೀ ನಗುವ ಸುದ್ದಿ ಕಳಿಸಿದರೆ ಅವಳೂ ಬರೀ ನಗುವ ಸುದ್ದಿಯನ್ನೇ ಕಳಿಸುತ್ತಾಳೆ. ನೀವು ಒಂದು ಕಷ್ಟ ಹೇಳಿಕೊಂಡರೆ ಅವಳಿಗೂ ಹೇಳಿಕೊಳ್ಳುವ ದಾರಿ ಸಿಗುತ್ತದೆ. ಅಷ್ಟು ದೂರ ಇರುವವರಿಗೆ ಅದು ಬೇಕಾಗುತ್ತದೆ.

ಪದ್ಮನಾಭನಗರದವಳು

ಹೌದು ಸರ್. ಈ ಕೆಲಸ ಮುಂದುವರಿಸಬೇಕಾ ಬೇಡವಾ ಅಂತ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವಳಿಗೆ ಹೇಳುತ್ತೇನೆ, ಸಂತೆಯ ಪ್ರಶ್ನೆಗಿಂತ ಮುಂಚೆ ಸೇರಿಸುತ್ತೇನೆ. ಇವತ್ತು ರಾತ್ರಿಯೇ ಮೇಲ್ ಹೋಗುತ್ತದೆ. ಇದನ್ನೇ ಕೈಬರಹದಲ್ಲೂ ಬರೆದು ಅಂಚೆಗೆ ಹಾಕುವ ಆಸೆ ಬಂದಿದೆ. ಜರ್ಮನಿಗೆ ವಿಳಾಸ ಹೇಗೆ ಬರೆಯಬೇಕು? ಒಂದು ಹಿಡಿ ಕಡಲೆಕಾಯಿ ಕವರಿನಲ್ಲಿ ಹಾಕಬಹುದಾ?

ನಿವೃತ್ತ ಅಂಚೆ ನೌಕರ

ಪತ್ರ ಒಳಗೆ ಕನ್ನಡದಲ್ಲೇ ಇರಲಿ, ಹೊರಗೆ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಹೆಸರು, ಆಮೇಲೆ ರಸ್ತೆ ಮತ್ತು ಮನೆ ನಂಬರ್. ಅವರ ಪಿನ್ ಐದು ಅಂಕಿ, ಅದನ್ನು ಊರಿನ ಹೆಸರಿಗಿಂತ ಮುಂಚೆ ಬರೆಯಬೇಕು. ಕೊನೆಯ ಸಾಲಿನಲ್ಲಿ ದೇಶದ ಹೆಸರು ದೊಡ್ಡ ಅಕ್ಷರದಲ್ಲಿ. ನಿಮ್ಮ ವಿಳಾಸ ಕವರಿನ ಹಿಂದೆ. ಕೌಂಟರಿನಲ್ಲಿ ತೂಕ ಮಾಡಿಸಿ ಸ್ಟಾಂಪು ಹಚ್ಚಿ. ಬರೀ ಕಾಗದವಾದರೆ ಕಸ್ಟಮ್ಸ್ ಫಾರ್ಮ್ ಬೇಡ. ಕಡಲೆಕಾಯಿ ಹಾಕಿದರೆ ಅದು ಸಾಮಾನು ಅಂತಾಗುತ್ತದೆ, ಫಾರ್ಮ್ ತುಂಬಬೇಕು, ಅಲ್ಲಿಯ ಕಸ್ಟಮ್ಸ್‌ನವರು ತಡೆಯಲೂಬಹುದು. ಅದನ್ನು ಅವರು ಊರಿಗೆ ಬಂದಾಗ ಕೊಡಿ ಅಮ್ಮಾ, ಈಗ ಕಾಗದ ಮಾತ್ರ ಕಳಿಸಿ.